ಒಂದೇ ಒಂದು ಪಾಯಿಂಟ್: ಕೆನ್ಯನ್ ಕಾಲೇಜಿನ ಈಜುಕೊಳದಿಂದ

ನಮಸ್ಕಾರ. ಕೊಲಂಬಸ್ ಬಿಟ್ಟು ಸುಮಾರು 50 ಮೈಲಿ ಬಂದಿದ್ದೇನೆ. ಇದು ಅಮೆರಿಕದ ಓಹಾಯೋ ರಾಜ್ಯದ ಗ್ಯಾಂಬಿಯರ್. ಪುಟ್ಟ ಊರು. ಒಂದು ಗುಡ್ಡ, ಅದರ ಮೇಲೆ ಕೆನ್ಯನ್ ಕಾಲೇಜು, ಅಂಚೆ ಕಚೇರಿ, ಪುಸ್ತಕದಂಗಡಿ, ಅಷ್ಟೇ. ಓದುವವರು ಎರಡು ಸಾವಿರಕ್ಕೂ ಕಡಿಮೆ. ನಮ್ಮ ಕಡೆ ಒಂದು ದೊಡ್ಡ ಪಿಯು ಕಾಲೇಜಿನಲ್ಲೇ ಇದಕ್ಕಿಂತ ಜಾಸ್ತಿ ಮಕ್ಕಳು ಇರುತ್ತಾರೆ, ಅಲ್ವಾ?

ಈ ಕಾಲೇಜಿನ ಹುಡುಗರ ಈಜು ತಂಡ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ) ಮೂರನೇ ಡಿವಿಷನ್ನಿನ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅನ್ನು 1980ರಿಂದ 2010ರವರೆಗೆ ಬಿಡದೆ ಗೆದ್ದಿದೆ. ಸತತ 31 ವರ್ಷ! ಹುಡುಗಿಯರು 1984ರಿಂದ 2000ದವರೆಗೆ ಸತತ 17 ಸಲ ಗೆದ್ದರು. ಇಲ್ಲಿ ಹೆಣ್ಣುಮಕ್ಕಳಿಗೆ ಸೀಟು ಕೊಡಲು ಶುರುಮಾಡಿದ್ದೇ 1969ರಲ್ಲಿ. ಅದಕ್ಕೇ ನನಗೆ ಆ 31ಕ್ಕಿಂತ ಈ 17ರ ಮೇಲೆ ಒಂದು ಕೈ ಹೆಚ್ಚು ಅಭಿಮಾನ. ಎರಡೂ ತಂಡಗಳಿಗೆ ಕೋಚ್ ಒಬ್ಬರೇ, ಜಿಮ್ ಸ್ಟೀನ್. 2012ರಲ್ಲಿ ನಿವೃತ್ತರಾಗುವ ಹೊತ್ತಿಗೆ ಇಬ್ಬರದೂ ಸೇರಿ 50 ರಾಷ್ಟ್ರೀಯ ಪ್ರಶಸ್ತಿ.

ಈಗ ಕೊಳ ನೋಡಿ. ಉದ್ದ 50 ಮೀಟರ್. ಮಧ್ಯೆ ಅಡ್ಡಲಾಗಿ ಕಾಣುವ ಕಟ್ಟೆಯನ್ನು ಸರಿಸಬಹುದು. ಸರಿಸಿದರೆ ಕಾಲೇಜು ಸ್ಪರ್ಧೆಗೆ ಬೇಕಾದ 25 ಗಜದ ಕೊಳ ರೆಡಿ. ಪ್ರಾಕ್ಟೀಸ್‌ನಲ್ಲಿ ಒಂದೇ ಲೇನಿನಲ್ಲಿ ಹಲವರು ಈಜುತ್ತಾರೆ. ಎಲ್ಲರ ಕಣ್ಣೂ ಗೋಡೆಯ ದೊಡ್ಡ ಗಡಿಯಾರದ ಮೇಲೆ. ಒಬ್ಬರು ಗೋಡೆ ಒದ್ದು ಹೊರಟ ಐದು ಸೆಕೆಂಡಿಗೆ ಇನ್ನೊಬ್ಬರು. ಬಲಗಡೆ ಹೋಗಬೇಕು, ತಿರುಗಿ ಬರುವಾಗಲೂ ಬಲಗಡೆಯೇ. ಮುಂದಿನವರ ಕಾಲಿಗೆ ಕೈ ತಾಗಿದರೆ ನೀವು ಬೇಗ ಹೊರಟಿದ್ದೀರಿ ಅಂತ ಅರ್ಥ.

ಇಲ್ಲಿನ ನಮ್ಮ ಕನ್ನಡದ ಅಪ್ಪ ಅಮ್ಮಂದಿರು ಕೇಳುವ ಮೊದಲ ಪ್ರಶ್ನೆ, "ಈಜಿಗೆ ಸ್ಕಾಲರ್‌ಶಿಪ್ ಸಿಗುತ್ತಾ?" ಮೂರನೇ ಡಿವಿಷನ್ನಿನಲ್ಲಿ ಆಟಕ್ಕೆ ಅಂತ ಕೊಡುವ ಹಾಗೇ ಇಲ್ಲ. ಓದಿನ ಮೇಲೆ, ಮನೆಯ ಆದಾಯದ ಮೇಲೆ ಸಹಾಯ ಸಿಗಬಹುದು. ಅಂದರೆ ಬೆಳಕು ಹರಿಯುವ ಮುಂಚೆ ನೀರಿಗೆ ಇಳಿಯುವವರು ಈಜಬೇಕು ಅನ್ನಿಸಿಯೇ ಇಳಿಯುತ್ತಾರೆ. ನನಗೆ ಈ ಪದ್ಧತಿ ತುಂಬಾ ಇಷ್ಟ.

ಆ 31 ವರ್ಷದ ಓಟ ನಿಂತಿದ್ದು ಹೇಗೆ ಗೊತ್ತಾ? 2011ರಲ್ಲಿ ಪಕ್ಕದ ಗ್ರ್ಯಾನ್‌ವಿಲ್‌ನ ಡೆನಿಸನ್ ಯೂನಿವರ್ಸಿಟಿ ಗೆದ್ದಿತು. ಹೆಸರು ಯೂನಿವರ್ಸಿಟಿ ಆದರೂ ಅದೂ ಇದೇ ಓಹಾಯೋದ ಸಣ್ಣ ಕಾಲೇಜು. ಡೆನಿಸನ್ 500.5, ಕೆನ್ಯನ್ 499.5. ಒಂದೇ ಪಾಯಿಂಟ್!

ಅರ್ಧ ಪಾಯಿಂಟ್ ಎಲ್ಲಿಂದ ಬಂತು ಅಂತೀರಾ? ಇಬ್ಬರು ಒಂದೇ ಸಮಯಕ್ಕೆ ಗೋಡೆ ಮುಟ್ಟಿದರೆ, ಆ ಎರಡು ಸ್ಥಾನಗಳ ಪಾಯಿಂಟ್ ಕೂಡಿಸಿ ಇಬ್ಬರಿಗೂ ಅರ್ಧರ್ಧ ಹಂಚುತ್ತಾರೆ. ಮೊದಲ ಸ್ಥಾನಕ್ಕೆ 20. ಇಳಿಯುತ್ತಾ ಬಂದು ಹದಿನಾರನೆಯವರಿಗೆ 1. ರಿಲೇಗೆ ಇದರ ದುಪ್ಪಟ್ಟು. ಅರ್ಹತಾ ಸುತ್ತಿನಲ್ಲಿ ಒಂಬತ್ತರಿಂದ ಹದಿನಾರರವರೆಗೆ ಬಂದವರು ಬೇರೆಯೇ ಫೈನಲ್, ಅಂದರೆ ಎರಡನೇ ಫೈನಲ್, ಈಜುತ್ತಾರೆ. ಅವರಿಗೆ ಪದಕದ ವೇದಿಕೆ ಹತ್ತುವ ಅವಕಾಶವೇ ಇಲ್ಲ. ಆದರೂ ಜೀವ ಬಿಟ್ಟು ಈಜುತ್ತಾರೆ. ಆ ವರ್ಷ ಅಂಥ ಒಂದು ರೇಸಿನಲ್ಲಿ ಕೆನ್ಯನ್‌ನವರು ಯಾರಾದರೂ ಬೆರಳಿನಷ್ಟು ಮುಂದೆ ಬಂದಿದ್ದರೂ ಫಲಿತಾಂಶ ಬದಲಾಗಬಹುದಿತ್ತು.

ಹಾಗಾಗಿ ನೀವು ಈಜು ಸ್ಪರ್ಧೆ ನೋಡಲು ಹೋದರೆ, ದೊಡ್ಡ ಫೈನಲ್ ಶುರುವಾಗುವ ಹೊತ್ತಿಗೆ ಹೋಗಬೇಡಿ. ಸ್ವಲ್ಪ ಮುಂಚೆ ಹೋಗಿ, ಈ ಎರಡನೇ ಫೈನಲ್ ನೋಡಿ. ಸೀಸನ್ ಮಾರ್ಚ್‌ಗೆ ಮುಗಿಯುತ್ತದೆ. ಚಳಿಗಾಲದಲ್ಲೇ ಬಿಡುವು ಮಾಡಿಕೊಳ್ಳಿ.