ಸಾರು ಯಾವ ಗುಂಪಿಗೆ?

ಕೇಳುಗರಿಗೆ ನಮಸ್ಕಾರ.

"ಆಹಾರ ಪದಗಳ ವರ್ಗೀಕರಣ" ಅಂತ ಇವತ್ತಿನ ಮಾತಿಗೆ ಹೆಸರು ಕೊಟ್ಟಿದ್ದಾರೆ. ಹೆಸರು ಕೇಳಿಯೇ ರೇಡಿಯೋ ಆರಿಸಬೇಡಿ, ವಿಷಯ ನಿಮ್ಮ ಅಡುಗೆಮನೆಯದೇ. ಭಾಷೆಯ ಅಧ್ಯಯನ ಮಾಡೋರು ಊರೂರು ತಿರುಗಿ ಊಟ ತಿಂಡಿಯ ಪದಗಳನ್ನು ಕಲೆ ಹಾಕುತ್ತಾರೆ. ಅದು ಸುಲಭ. ಯಾವ ಪದ ಯಾವ ಗುಂಪಿಗೆ ಅನ್ನೋದೇ ತಲೆನೋವು. ನಾನು ಹೇಳೋದು ಇಷ್ಟೇ: ಪದಾರ್ಥ ಗಟ್ಟಿಯೋ ನೀರೋ ಅಂತ ನೋಡಬೇಡಿ, ಜನ ಅದರ ಜೊತೆ ಯಾವ ಕ್ರಿಯಾಪದ ಹಾಕುತ್ತಾರೆ ಅಂತ ಕಿವಿಗೊಟ್ಟು ಕೇಳಿ.

ಅಮೆರಿಕದ ಕಾರ್ಲ್ ಡಾರ್ಲಿಂಗ್ ಬಕ್ ಅನ್ನೋರು 1949ರಲ್ಲಿ ಒಂದು ದಪ್ಪ ಸಮಾನಪದ ನಿಘಂಟು ತಂದರು. 22 ಅಧ್ಯಾಯ, ಐದನೆಯದು ಊಟ ಪಾನೀಯದ್ದು. ಅವರು ಅದನ್ನು ಮಾಡಿದ್ದು ಇಂಡೋ-ಯುರೋಪಿಯನ್ ಭಾಷೆಗಳಿಗೆ, ಅಂದರೆ ಇಂಗ್ಲಿಷ್, ಸಂಸ್ಕೃತದಂಥವು ಸೇರೋ ಕುಟುಂಬಕ್ಕೆ; ಕನ್ನಡ ಅದರಲ್ಲಿಲ್ಲ. ಆಮೇಲೆ ಬಂದವರು ಅದೇ ಚೌಕಟ್ಟನ್ನು ಹಿಗ್ಗಿಸಿ ಲೋಕದ ಬೇರೆ ಬೇರೆ ಭಾಷೆಗೂ ತೊಡಿಸಿದರು. ಅಲ್ಲಿ ಆಲಿವ್‌ಗೆ ಜಾಗ ಇದೆ, ಚೀಸ್‌ಗೆ ಇದೆ. ನಮ್ಮ ಸಾರಿಗೆ ಇಲ್ಲ, ಹತ್ತಿರದ್ದು ಅಂದರೆ ಸೂಪು.

ನಾನೂ ಹೊಸದರಲ್ಲಿ ಅಂಥದ್ದೇ ಪಟ್ಟಿ ನೋಡಿ ಕಾರ್ಡು ಬರೆದುಕೊಂಡು ಮದ್ದೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಸಾರು ಸೂಪಿನ ಜಾಗದಲ್ಲಿ, ಅಂದರೆ ಕುಡಿಯೋದರ ಪಕ್ಕ. ಹಿಟ್ಟು ಅಕ್ಕಿ ಬೇಳೆ ಜೊತೆ ದಿನಸಿಯಲ್ಲಿ. ಜಗಲಿ ಮೇಲೆ ಒಬ್ಬ ಅಜ್ಜಿ ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಪುಳಕ್ ಅಂತ ಪಾತ್ರೆಗೆ, ಸಿಪ್ಪೆ ಕೈಯಲ್ಲೇ. "ಅದೇನವ್ವ ಬರ್ಕಂಡಿದ್ದೀಯ, ವಸಿ ಓದು" ಅಂದರು. ಓದಿದೆ. ಸಾರು ಬಂದಿದ್ದೇ ತಡ, ಅವರ ಕೈ ನಿಂತಿತು.

"ಸಾರು ಕುಡಿಯಾಕೆ ಯಾರ್ಗವ್ವ ಜರ ಬಂದಿರಾದು? ಸಾರಿರಾದು ಹಿಟ್ಗೆ ಕಣವ್ವ."

ಹಿಟ್ಟು ಬೇರೆ ಗುಂಪಿನಲ್ಲಿದೆ ಅಜ್ಜಿ, ಅಕ್ಕಿ ಬೇಳೆ ಜೊತೆ, ಅಂದೆ. "ಅದು ಅಸಿಟ್ಟು!" ಅಂತ ಗದರಿದರು. ಆ ಕಡೆ ಹಿಟ್ಟು ಅಂದರೆ ಮುದ್ದೆ, ಡಬ್ಬದಲ್ಲಿರೋ ರಾಗಿ ಪುಡಿ ಹಸಿಟ್ಟು. ಬೆಂದದ್ದು ಬೇಯದ್ದು ಎರಡನ್ನೂ ನಾನು ಒಂದೇ ಮಾಡಿ ಕೂತಿದ್ದೆ, ಅದೂ ದೊಡ್ಡ ಪದವಿ ಇಟ್ಟುಕೊಂಡು.

ಆಮೇಲೆ ಅಜ್ಜಿಗೇ ಹುಮ್ಮಸ್ಸು ಬಂತು. ಒಂದೊಂದೇ ಓದು ಅಂದರು, ನಾನು ಓದುತ್ತಾ ಹೋದೆ, ಅವರು ಕಾಳಿನಿಂದ ತಲೆ ಎತ್ತದೆ ಹೇಳುತ್ತಾ ಹೋದರು. ಹಿಟ್ಟು ನುಂಗೋದು. ಅನ್ನ ಉಣ್ಣೋದು. ಚಕ್ಕುಲಿ ತಿನ್ನೋದು. ಅಂಬಲಿ ಕುಡಿಯೋದು. ಉಪ್ಪಿನಕಾಯಿ ನೆಂಚಿಕೊಳ್ಳೋದು. ಎಲೆಅಡಿಕೆಯನ್ನು ತಿನ್ನೋದೂ ಅಲ್ಲ, ಹಾಕ್ಕೊಳ್ಳೋದು! ನೆಂಚಿಕೊಳ್ಳೋದು ಅನ್ನೋ ಗುಂಪು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ, ಇಂಗ್ಲಿಷಿನಲ್ಲಿ ಅದಕ್ಕೊಂದು ಸರಿಯಾದ ಪದವೇ ಇಲ್ಲವಲ್ಲ, ಎಲ್ಲಿಂದ ಬರಬೇಕು? ಕೊನೆಗೆ ಊಟಕ್ಕೆ ಕೂರಿಸಿದರು. ನಾನು ಮುದ್ದೆ ಅಗಿದೆ. ಇಡೀ ಮನೆ ನಕ್ಕಿತು.

ಅಯ್ಯೋ, ಅಜ್ಜಿಯೇ ನನ್ನ ಸಮಯವನ್ನೆಲ್ಲ ತಿಂದುಬಿಟ್ಟರು. ನೋಡಿ, ಇಲ್ಲೂ ತಿಂದರು, ಉಂಡರು ಅನ್ನಲಿಲ್ಲ. ಲಂಚ ತಿನ್ನುತ್ತಾರೆ, ಏಟು ತಿನ್ನುತ್ತಾರೆ, ಆದರೆ ಊಟ ಬಂದಿದ್ದು ಉಣ್ಣು ಅನ್ನೋದರಿಂದ, ತಿಂಡಿ ಬಂದಿದ್ದು ತಿನ್ನು ಅನ್ನೋದರಿಂದ. ಗುಂಪು ಭಾಷೆಯೇ ಮಾಡಿಟ್ಟಿದೆ, ನಾವು ಮತ್ತೆ ಯಾಕೆ ಕಷ್ಟಪಡಬೇಕು?

ಬೇರೆ ಊರಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ಮೈಸೂರು ಕಡೆ ಜ್ವರ ಬಂದರೆ ಗಂಜಿ ಕುಡಿಯುತ್ತಾರೆ, ಕರಾವಳಿಯಲ್ಲಿ ಆರೋಗ್ಯವಾಗಿರೋರೇ ಗಂಜಿ ಊಟ ಮಾಡುತ್ತಾರೆ, ಪಕ್ಕಕ್ಕೆ ಚಟ್ನಿಯೋ ಒಣಮೀನೋ ಇಟ್ಟುಕೊಂಡು. ಪದ ಒಂದೇ, ಗುಂಪು ಎರಡು. ಬಂಗಾಳಿಗಳು ನೀರನ್ನೂ ತಿನ್ನುತ್ತಾರೆ, ಸಿಗರೇಟನ್ನೂ ತಿನ್ನುತ್ತಾರೆ, ಅವರಿಗೆ ಎಲ್ಲಕ್ಕೂ "ಖಾವಾ" ಒಂದೇ ಸಾಕು. ನಾವು ಬೀಡಿ ಸೇದುತ್ತೇವೆ, ಬಾವಿಯ ನೀರನ್ನೂ ಸೇದುತ್ತೇವೆ. ಮೆಣಸು, ಮೆಣಸಿನಕಾಯಿ ಕತೆಯೂ ಹೇಳಬೇಕು ಅಂತಿದ್ದೆ. ಬಿಡಿ, ಇನ್ನೊಮ್ಮೆ ಕರೆದರೆ ನೋಡೋಣ.

ರಜೆಯಲ್ಲಿ ಪದ ಕಲೆ ಹಾಕೋಕೆ ಹೊರಟಿರೋ ಕಾಲೇಜು ಮಕ್ಕಳೇ, ನಿಮಗೊಂದು ಮಾತು. ದಯವಿಟ್ಟು "ಘನ ಆಹಾರ, ದ್ರವ ಆಹಾರ" ಅಂತ ಗೆರೆ ಎಳೆದುಕೊಂಡು ಹೋಗಬೇಡಿ, ಎಷ್ಟು ಸಲ ಹೇಳೋದು! ಖಾಲಿ ಪುಸ್ತಕ ಒಯ್ಯಿರಿ. ಪದ ಬರೆದ ಕೂಡಲೇ ಪಕ್ಕದಲ್ಲೇ ಕ್ರಿಯಾಪದವನ್ನೂ ಬರೆಯಿರಿ. "ಇದನ್ನ ಏನು ಮಾಡ್ತೀರಿ" ಅಂತ ಕೇಳಿ ಸುಮ್ನೆ ಕೂತರೆ ಸಾಕು. ಇವತ್ತು ರಾತ್ರಿ ಮನೆಯಲ್ಲೇ ಶುರು ಮಾಡಿ. ಮಜ್ಜಿಗೆಯಿಂದ ಶುರು ಮಾಡಿದರೆ ಇನ್ನೂ ಒಳ್ಳೇದು, ಲೋಟದಲ್ಲಿ ಇದ್ದಾಗ ಒಂದು, ಅನ್ನಕ್ಕೆ ಬಿದ್ದಾಗ ಇನ್ನೊಂದು. ನಮಸ್ಕಾರ.