ಬಿಳಿ ತಟ್ಟೆಯ ಅಂಚು ಮಾತ್ರ ಯಾಕೆ ನೀಲಿ?

ನಮಸ್ಕಾರ. ಪೆನ್ಸಿಲ್ವೇನಿಯಾದಲ್ಲಿರುವ ನಮ್ಮ ವೀಕ್ಷಕಿಯೊಬ್ಬರು ಒಂದು ತಟ್ಟೆಯ ಫೋಟೋ ಕಳಿಸಿದ್ದಾರೆ. ಗರಾಜ್ ಸೇಲ್‌ನಲ್ಲಿ ಸಿಕ್ಕಿದ್ದಂತೆ. ಬಿಳಿ ಬಣ್ಣ, ಹೂವಿನ ಎಸಳಿನಂಥ ಅಂಚು, ಅದರ ಮೇಲೆ ಕೆಂಪು ಹೂವು. "ಇದು ಪಿಂಗಾಣಿನಾ, ಗಾಜಾ? ಅಂಚು ಯಾಕೆ ನೀಲಿ? ಇದರಲ್ಲಿ ಚಿತ್ರಾನ್ನ ತಿನ್ನಬಹುದಾ?" ಒಂದೇ ಉಸಿರಿಗೆ ಮೂರು ಪ್ರಶ್ನೆ!

ಮೇಡಂ, ಇದು ಗಾಜು. ಹೆಸರು ಪೆಟಲ್‌ವೇರ್. ನಿಮ್ಮದೇ ರಾಜ್ಯದ ಶಾರ್ಲರಾಯ್ ಊರಿನಲ್ಲಿ ಮ್ಯಾಕ್‌ಬೆತ್-ಇವಾನ್ಸ್ ಕಂಪನಿ 1930ರಿಂದ ಇದನ್ನು ಮಾಡುತ್ತಿತ್ತು. ಆ ಬಿಳಿಗೆ ಅವರು ಇಟ್ಟ ಹೆಸರು ಮೊನಾಕ್ಸ್.

ಹಿನ್ನೆಲೆ ಬೇಗ ಹೇಳಿಬಿಡ್ತೀನಿ. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಯಂತ್ರದ ಅಚ್ಚಿನಲ್ಲಿ ಒತ್ತಿ ತೆಗೆದ ಗಾಜಿನ ಪಾತ್ರೆ ಬಹಳ ಅಗ್ಗ. ಆಗಿನ ಕೆಲವು ಗಾಜಿನ ಸಾಮಾನು ಓಟ್ಸ್ ಡಬ್ಬದ ಜೊತೆಗೂ ಬರುತ್ತಿತ್ತು. ನಮ್ಮಲ್ಲಿ ಸೋಪಿನ ಪುಡಿಗೆ ಬಕೆಟ್ ಫ್ರೀ ಕೊಡ್ತಾರಲ್ಲ, ಹಾಗೆ.

ಈಗ ನನ್ನ ಇಷ್ಟದ ವಿಷಯ, ನೀಲಿ ಅಂಚು.

(ತಮ್ಮ ಬಳಿಯಿರುವ ಅಂಥದೇ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು)

ಹಾಲಿನವನು ನೀರು ಬೆರೆಸಿದ್ದಾನೆ ಅಂತ ಅಜ್ಜಿಯರು ಹೇಗೆ ಕಂಡುಹಿಡಿಯುತ್ತಿದ್ದರು? ಪಾತ್ರೆಯ ಅಂಚಿನಲ್ಲಿ ಹಾಲು ತೆಳುವಾಗಿ ನೀಲಿ ಹೊಡೆಯುತ್ತಿತ್ತು. ಇಲ್ಲೂ ಅದೇ ಕಥೆ. ಇಂಥ ಬಿಳಿ ಗಾಜಿಗೆ ಫ್ಲೋರೈಡ್ ಸೇರಿಸಿರುತ್ತಾರೆ. ಗಾಜು ತಣ್ಣಗಾಗುವಾಗ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು ಕಟ್ಟುತ್ತವೆ. ಹಾಲಿನಲ್ಲಿ ಕೊಬ್ಬಿನ ಕಣಗಳು ಮಾಡುವ ಕೆಲಸವನ್ನೇ ಅವೂ ಮಾಡುತ್ತವೆ: ಬೆಳಕನ್ನು ಚದುರಿಸುತ್ತವೆ. ಅದರಲ್ಲೂ ನೀಲಿಯನ್ನು ಜಾಸ್ತಿ. ತಟ್ಟೆಯ ನಡುಭಾಗ ದಪ್ಪ, ಅಲ್ಲಿ ಎಲ್ಲ ಬಣ್ಣವೂ ಚದುರಿ ಚದುರಿ ಬಿಳಿಯಾಗುತ್ತದೆ. ತೆಳು ಅಂಚಿನಲ್ಲಿ ನೀಲಿ ಮಾತ್ರ ಎದ್ದು ಕಾಣುತ್ತದೆ. ಅದೇ ಅಂಚನ್ನು ಬಲ್ಬಿಗೆ ಅಡ್ಡ ಹಿಡಿಯಿರಿ, ಕಿತ್ತಳೆ ಛಾಯೆ! ಮೇಲೆ ಆಕಾಶ ನೀಲಿ, ಮುಳುಗುವ ಸೂರ್ಯ ಕೆಂಪು, ಅಲ್ವಾ? ಅದೆಲ್ಲ ಈ ಒಂದು ತಟ್ಟೆಯ ಅಂಚಿನಲ್ಲಿದೆ.

ಮನೆಯಲ್ಲೇ ನೋಡಿ. ಒಂದು ಲೋಟ ನೀರು, ಕೆಲವೇ ಹನಿ ಹಾಲು, ಮೊಬೈಲ್ ಟಾರ್ಚ್. ಪಕ್ಕದಿಂದ ನೀಲಿ, ಎದುರಿನಿಂದ ಹಳದಿ. ಹಾಲು ಜಾಸ್ತಿ ಸುರಿದು ಆಮೇಲೆ ನನ್ನನ್ನು ಬೈಯಬೇಡಿ.

ಇನ್ನೊಂದು ಮಾತು. ಈ ಕಂಪನಿ ಮೊದಲು ಹೆಸರು ಮಾಡಿದ್ದು ಊಟದ ತಟ್ಟೆಯಿಂದಲ್ಲ, ದೀಪದ ಗಾಜಿನಿಂದ! ಬೆಳಕನ್ನು ಮೆತ್ತಗೆ ಹರಡುವ ಬಿಳಿ ಗಾಜು ಅವರ ಕೈಗೆ ಹೊಸದೇನಲ್ಲ.

(ಗಡಿಯಾರ ನೋಡಿ) ಅಯ್ಯೋ, ಟೈಮ್ ಆಯ್ತು. ಉಳಿದಿದ್ದನ್ನು ಒಟ್ಟಿಗೆ ಹೇಳ್ತೀನಿ.

ಸಂಗ್ರಹ ಮಾಡುವವರು ಹುಡುಕುವುದು ಚಿತ್ರವಿರುವ ತಟ್ಟೆಯನ್ನು: ಹೂವು, ಹಣ್ಣು, ಬಣ್ಣದ ಪಟ್ಟೆ. ಹಾಗಾಗಿ ನೀವು ದುಡ್ಡು ಕೊಡುವುದು ಗಾಜಿಗಲ್ಲ, ಬಣ್ಣಕ್ಕೆ. ಅದು ಗಾಜಿನೊಳಗಿಲ್ಲ, ಮೇಲೆ ಹಚ್ಚಿ ಸುಟ್ಟಿದ್ದು, ಉಜ್ಜಿದರೆ ಸವೆಯುತ್ತದೆ. ಕೊಳ್ಳುವ ಮುಂಚೆ ಬಣ್ಣ ಸವೆದಿದೆಯಾ ಅಂತ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಚೂರು ಒಡೆದಿದೆಯಾ ಅಂತ ಅಂಚಿನ ಸುತ್ತ ಬೆರಳಾಡಿಸಿ. ಡಿಶ್‌ವಾಷರ್‌ಗೆ ಹಾಕಲೇಬೇಡಿ. ದಪ್ಪ ಬಿಳಿ ಗಾಜು ಸಿಕ್ಕರೆ ಅದು ಪೆಟಲ್‌ವೇರ್ ಅಲ್ಲದೆ, ಹೇಜಲ್-ಅಟ್ಲಾಸ್ ಅನ್ನುವ ಬೇರೆ ಕಂಪನಿಯ ಪ್ಲಾಟೊನೈಟ್ ಗಾಜು ಇರಬಹುದು. ಅದರ ಕಥೆ ಬೇರೆ. ಮ್ಯಾಕ್‌ಬೆತ್-ಇವಾನ್ಸ್ ಅನ್ನು 1936ರಲ್ಲಿ ಕಾರ್ನಿಂಗ್ ಕಂಪನಿ ಕೊಂಡುಕೊಂಡಿತು. ಹೌದು, 1970ರಲ್ಲಿ ಕೊರೆಲ್ ಅನ್ನುವ ಗಾಜಿನ ತಟ್ಟೆಗಳನ್ನು ತಂದವರೇ. ಅಮೆರಿಕದ ಎಷ್ಟು ಕನ್ನಡ ಮನೆಗಳಲ್ಲಿ ಕೊರೆಲ್ ತಟ್ಟೆ ಇದೆಯೋ!

ಇನ್ನು ಚಿತ್ರಾನ್ನ. ಬೇಡ ಮೇಡಂ. ಆ ಕಾಲದ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ನಿಂಬೆಹುಳಿ ಅದನ್ನು ಬಿಡಿಸುತ್ತದೆ. ತಟ್ಟೆ ಕಿಟಕಿ ಪಕ್ಕದ ಶೋಕೇಸಿನಲ್ಲಿರಲಿ. ಚಿತ್ರಾನ್ನಕ್ಕೆ ಸ್ಟೀಲ್ ತಟ್ಟೆ ಇದ್ದೇ ಇದೆಯಲ್ಲ.