ಮೀಟರ್‌ಗೆ ಸೀಲ್ ಇದೆ, ಆ್ಯಪ್‌ಗೆ ಎಲ್ಲಿದೆ?

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಆದರೆ ಹೋದ ವಿಡಿಯೊ ಕೆಳಗೆ ಒಬ್ಬ ಮಹಾಶಯರು ಬರೆದಿದ್ದಾರೆ: "ಆಟೋ ಬುಕ್ ಮಾಡುವ ಆ್ಯಪ್‌ಗಳ ರೇಟ್ ವಿಷಯದಲ್ಲಿ ಸರ್ಕಾರ ಯಾಕೆ ಮೂಗು ತೂರಿಸಬೇಕು? ಜಾಸ್ತಿ ಅನ್ನಿಸಿದರೆ ನಡೆದುಕೊಂಡು ಹೋಗಿ." ನಾನು ನಡೆಯುತ್ತೇನೆ ಸ್ವಾಮಿ. ನಮ್ಮಮ್ಮನಿಗೆ ಮಂಡಿನೋವು, ಅವರಿಗೆ ನೀವೇ ಹೇಳಿ.

ಮೊನ್ನೆ ವಿಜಯನಗರ ಮೆಟ್ರೋ ಕೆಳಗೆ ಅಮ್ಮನ ಜೊತೆ ನಿಂತು ಆಟೋ ಬುಕ್ ಮಾಡಿದೆ. ಮನೆಗೆ ಎರಡು ಕಿಲೋಮೀಟರೂ ಇಲ್ಲ. 2025ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ನಿಗದಿಯಾದ ದರ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ. ಆ್ಯಪ್‌ನಲ್ಲಿ 79! ಸರಿ, ಒತ್ತಿದೆ. ಚಕ್ರ ತಿರುಗಿತು, ತಿರುಗಿತು. ಆಮೇಲೆ ಮೂರು ಗುಂಡಿ ಬಂದವು: +10, +20, +30. ಟಿಪ್ಸ್ ಸೇರಿಸಿದರೆ ಆಟೋ ಬೇಗ ಸಿಗುತ್ತದಂತೆ. ಗಾಡಿಯೇ ಬಂದಿಲ್ಲ, ಟಿಪ್ಸ್ ಯಾವ ಖುಷಿಗೆ?

ನಾನು ಕೇಳುತ್ತಿರುವುದು ಇಷ್ಟೇ. ಆಟೋ ಮೀಟರನ್ನು ಕಾನೂನು ಮಾಪನ ಇಲಾಖೆಯವರು ಪರೀಕ್ಷೆ ಮಾಡಿ ಸೀಲ್ ಹಾಕುತ್ತಾರೆ. ದರ ಬದಲಾದರೆ ಡ್ರೈವರಣ್ಣ ಕ್ಯೂ ನಿಂತು ಮತ್ತೆ ಸೀಲ್ ಹಾಕಿಸಬೇಕು. ಆ್ಯಪ್ ಒಳಗಿನ ಲೆಕ್ಕಕ್ಕೆ ಸೀಲ್ ಹಾಕುವವರು ಯಾರು?

"ಮಾರ್ಕೆಟ್ ನೋಡಿಕೊಳ್ಳುತ್ತೆ" ಅಂತೀರಾ? 2022ರಲ್ಲಿ ಕನಿಷ್ಠ ದರ 30 ರೂಪಾಯಿ ಇದ್ದಾಗ ಆ್ಯಪ್‌ಗಳು 100 ಕೀಳುತ್ತಿವೆ ಅಂತ ಜನ ದೂರು ಕೊಟ್ಟರು. ಸಾರಿಗೆ ಇಲಾಖೆ ನೋಟಿಸ್ ಕೊಟ್ಟಿತು, ವಿಷಯ ಹೈಕೋರ್ಟ್‌ಗೆ ಹೋಯಿತು, ಕೊನೆಗೆ ಸರ್ಕಾರ ನಿಗದಿತ ದರದ ಮೇಲೆ ಶೇ 5ರಷ್ಟು ಸೇವಾ ಶುಲ್ಕ ಅಂತ ಗೆರೆ ಎಳೆಯಿತು. ಆಗ ನಿಮ್ಮ ಮಾರ್ಕೆಟ್ ಎಲ್ಲಿ ಕಾಫಿ ಕುಡಿಯುತ್ತಿತ್ತು?

ಅಂದಹಾಗೆ ಸಬ್‌ಸ್ಕ್ರೈಬ್ ಮಾಡಿ. ಅದಕ್ಕೆ ಮುಂಗಡ ಟಿಪ್ಸ್ ಬೇಡ.

ನಿಯಮ ಇಲ್ಲ ಅಂತಲ್ಲ. ಗ್ರಾಹಕರನ್ನು ಯಾಮಾರಿಸುವ 13 ತಂತ್ರಗಳನ್ನು 2023ರಲ್ಲೇ ಕೇಂದ್ರ ಪಟ್ಟಿ ಮಾಡಿದೆ. ಸುಳ್ಳು ಅವಸರ ಹುಟ್ಟಿಸುವುದೂ ಅದರಲ್ಲಿದೆ. 2025ರ ಮೇ ತಿಂಗಳಲ್ಲಿ ಇದೇ ಮುಂಗಡ ಟಿಪ್ಸ್ ವಿಚಾರಕ್ಕೆ ಉಬರ್‌ಗೆ ನೋಟಿಸ್ ಹೋಯಿತು. ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರೇ ಕೇಂದ್ರದ ಗ್ರಾಹಕ ವ್ಯವಹಾರ ಖಾತೆಯ ಮಂತ್ರಿ. ಪೇಪರಲ್ಲೂ ಬಂತು. ನಾನು ಬಳಸುವ ಆ್ಯಪ್‌ನಲ್ಲಿ ಗುಂಡಿ ಮಾತ್ರ ಹಾಗೇ ಇದೆ! ನೋಟಿಸ್ ಕೊಟ್ಟು ಸುಮ್ನೆ ಕೂತರೆ ಆಯ್ತಾ? ಸೀಲ್ ಹಾಕ್ರಪ್ಪಾ!

"ಕಂಟ್ರೋಲ್ ಮಾಡಿದರೆ ಸ್ಟಾರ್ಟಪ್ ಸಾಯುತ್ತೆ" ಅನ್ನುವವರೂ ಇದ್ದಾರೆ. 36 ರೂಪಾಯಿಗೆ ಸಾಯುವ ಸ್ಟಾರ್ಟಪ್ ಬದುಕಿದ್ದಾದರೂ ಯಾಕೆ? ಸೀಲ್ ಹಾಕಿ. ಅಷ್ಟೇ. ಸೀಲ್!

ಗುಂಡಿ ಕಂಡರೆ ಸ್ಕ್ರೀನ್‌ಶಾಟ್ ತೆಗೆದು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಮಹಾಶಯರೇ, ನೀವೂ ಮಾಡಿ. ಬೇಡ ಅಂದ್ರೆ ನಡೆದುಕೊಂಡು ಹೋಗಿ.